ಇಬ್ಬನಿಯ ಲೆಕ್ಕ

(ಬುಕ್ಕಾಂಬುಧಿಯಲ್ಲಿ ರೈತರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ಊರಿನ ಹೆಸರಿನಲ್ಲಿಯೇ ಅಂಬುಧಿ ಇದೆ. ಅಂಬುಧಿ ಎಂದರೆ ಕಡಲು. ಮಳೆ ಕಡಿಮೆಯಾದ ವರ್ಷ ಈ ಭಾಗದ ಕೆರೆಯೇರಿಯ ಮೇಲೆ ನಿಂತವರಿಗೆ ಈ ಮಾತು ಕುಹಕದಂತೆ ಕೇಳಬಹುದು. ಆದರೆ ನಮ್ಮ ತಲೆಯ ಮೇಲೆ, ನಮ್ಮ ಸುತ್ತಲೂ ಕಣ್ಣಿಗೆ ಕಾಣದ ಇನ್ನೊಂದು ಅಂಬುಧಿ ಸದಾ ಇರುತ್ತದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಒಂದು ಕೋಣೆಯನ್ನು ತೆಗೆದುಕೊಳ್ಳಿ. ಉಷ್ಣತೆ 24 ಡಿಗ್ರಿ, ಆರ್ದ್ರತೆ ಶೇ. 50 ಇದ್ದಾಗ ಆ ಕೋಣೆಯ ಗಾಳಿಯಲ್ಲಿ ಮುನ್ನೂರೈವತ್ತು ಗ್ರಾಂಗೂ ಹೆಚ್ಚು ನೀರು ಆವಿಯಾಗಿ ಅಡಗಿರುತ್ತದೆ. ಈ ನೀರು ಯಾವಾಗ ಹನಿಯಾಗುತ್ತದೆ, ಯಾವಾಗ ಮಂಜಾಗುತ್ತದೆ, ಯಾವಾಗ ನಮ್ಮ ಕೆರೆಯಿಂದ ಇನ್ನಷ್ಟು ನೀರನ್ನು ಸೆಳೆದುಕೊಂಡು ಹೋಗುತ್ತದೆ ಎಂಬುದನ್ನು ತಿಳಿಸುವ ಒಂದು ಅಂಕಿ ಇದೆ. ಅದರ ಹೆಸರು ಇಬ್ಬನಿ ಬಿಂದು. ಈ ದಿನ ಅದನ್ನು ಅರ್ಥ ಮಾಡಿಕೊಳ್ಳುವುದು, ಲೆಕ್ಕ ಹಾಕುವುದು ಮತ್ತು ಹೊಲದಲ್ಲಿ ಬಳಸುವುದು ಹೇಗೆಂಬುದನ್ನು ನೋಡೋಣ.

ಶೇಕಡಾವಾರು ಹೇಳದ ಸತ್ಯ

ಮೊದಲು ಒಂದು ಪ್ರಶ್ನೆ. ಡಿಸೆಂಬರ್ ತಿಂಗಳ ಬೆಳಗಿನ ಜಾವ ಉಷ್ಣತೆ 14 ಡಿಗ್ರಿ, ಆರ್ದ್ರತೆ ಶೇ. 90. ಜೂನ್ ತಿಂಗಳ ಒಂದು ಮಧ್ಯಾಹ್ನ ಉಷ್ಣತೆ 28 ಡಿಗ್ರಿ, ಆರ್ದ್ರತೆ ಶೇ. 60. ಯಾವ ಗಾಳಿಯಲ್ಲಿ ನೀರು ಹೆಚ್ಚು? ಶೇ. 90 ದೊಡ್ಡ ಅಂಕಿಯಾದ್ದರಿಂದ ಡಿಸೆಂಬರಿನ ಗಾಳಿ ಎಂದು ಹಲವರು ಹೇಳುತ್ತಾರೆ. ನಿಜವಾಗಿ ಜೂನ್ ಗಾಳಿಯಲ್ಲಿ ಒಂದೂವರೆ ಪಟ್ಟು ನೀರಾವಿ ಇದೆ.

ಇದಕ್ಕೆ ಕಾರಣ ಸರಳವಾದುದು. ನಾವು ರೇಡಿಯೋದಲ್ಲಿ, ಪತ್ರಿಕೆಯಲ್ಲಿ ಕಾಣುವ ಆರ್ದ್ರತೆಯು ಸಾಪೇಕ್ಷವಾದುದು. ಆ ಉಷ್ಣತೆಯಲ್ಲಿ ಎಷ್ಟು ಆವಿ ಇರಲು ಸಾಧ್ಯವೋ ಅದರಲ್ಲಿ ಎಷ್ಟು ಪಾಲು ಇದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ಕಣಜವೇ ದೊಡ್ಡದಾದಾಗ ಅರ್ಧ ಕಣಜದ ರಾಗಿಯೂ, ಸಣ್ಣ ಗುಡಾಣ ತುಂಬಿದ ರಾಗಿಗಿಂತ ಹೆಚ್ಚಾಗಿರುತ್ತದೆ. ಉಷ್ಣತೆ ಏರಿದಂತೆ ಕಣಜ ಹಿಗ್ಗುತ್ತದೆ, ಇಳಿದಂತೆ ಕುಗ್ಗುತ್ತದೆ.

ಈ ಕಣಜದ ಅಳತೆಗೆ ವಿಜ್ಞಾನದಲ್ಲಿ ಸಂತೃಪ್ತ ಆವಿಯೊತ್ತಡ ಎನ್ನುತ್ತಾರೆ. ಅದನ್ನು ಮಿಲಿಬಾರ್ ಎಂಬ ಮಾನದಲ್ಲಿ ಅಳೆಯುತ್ತಾರೆ. ವಿದ್ಯಾರ್ಥಿಗಳು ಈ ಪಟ್ಟಿಯನ್ನು ಬರೆದುಕೊಳ್ಳಬೇಕು.

10 ಡಿಗ್ರಿ ಸೆಲ್ಸಿಯಸ್‌ಗೆ 12.3
12 ಡಿಗ್ರಿಗೆ 14.0
14 ಡಿಗ್ರಿಗೆ 16.0
16 ಡಿಗ್ರಿಗೆ 18.2
18 ಡಿಗ್ರಿಗೆ 20.6
20 ಡಿಗ್ರಿಗೆ 23.4
22 ಡಿಗ್ರಿಗೆ 26.4
24 ಡಿಗ್ರಿಗೆ 29.8
26 ಡಿಗ್ರಿಗೆ 33.6
28 ಡಿಗ್ರಿಗೆ 37.8
30 ಡಿಗ್ರಿಗೆ 42.4
35 ಡಿಗ್ರಿಗೆ 56.2

ಪಟ್ಟಿಯನ್ನು ಗಮನಿಸಿದರೆ ಪ್ರತಿ ಒಂದು ಡಿಗ್ರಿಗೆ ಸುಮಾರು ಶೇ. 6ರಿಂದ 7ರಷ್ಟು ಏರಿಕೆ ಇರುವುದು ಕಾಣುತ್ತದೆ. ಭೂಮಿಯ ಉಷ್ಣತೆ ಏರುತ್ತಿರುವ ಈ ಕಾಲದಲ್ಲಿ ಈ ಏರಿಕೆಯನ್ನು ನೆನಪಿನಲ್ಲಿಡುವುದು ಅಗತ್ಯ. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ಇಬ್ಬನಿ ಬಿಂದು ಎಂದರೇನು?

ಗಾಳಿಯಲ್ಲಿರುವ ಆವಿಯ ಪ್ರಮಾಣ ಹಾಗೆಯೇ ಇದ್ದು, ಗಾಳಿ ಮಾತ್ರ ತಣ್ಣಗಾಗುತ್ತಾ ಹೋದರೆ ಕಣಜ ಕುಗ್ಗುತ್ತಾ ಬಂದು ಒಂದು ಹಂತದಲ್ಲಿ ಇರುವ ಆವಿಯಿಂದಲೇ ತುಂಬಿಬಿಡುತ್ತದೆ. ಆರ್ದ್ರತೆ ಶೇ. 100 ಆಗುತ್ತದೆ. ಆ ಉಷ್ಣತೆಯೇ ಇಬ್ಬನಿ ಬಿಂದು. ಅದಕ್ಕಿಂತ ಕೆಳಗಿಳಿದರೆ ಹೆಚ್ಚಾದ ಆವಿ ನೀರಾಗಲೇಬೇಕು. ಎಲೆಯ ಮೇಲೆ ನೀರಾದರೆ ಇಬ್ಬನಿ, ಗಾಳಿಯಲ್ಲಿಯೇ ನೀರಾದರೆ ಮಂಜು, ಎತ್ತರದಲ್ಲಿ ನೀರಾದರೆ ಮೋಡ. ಮೂರರ ಮೂಲವೂ ಒಂದೇ.

"ಇಬ್ಬನಿ ಬೀಳುತ್ತದೆ" ಎಂಬುದು ನಮ್ಮ ಮಾತಿನ ರೂಢಿ. ಇಬ್ಬನಿ ಮಳೆಯಂತೆ ಮೇಲಿನಿಂದ ಬೀಳುವುದಿಲ್ಲ ಎಂಬುದನ್ನು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ಲಂಡನ್ನಿನ ವೈದ್ಯ ತೋರಿಸಿಕೊಟ್ಟು 1814ರಲ್ಲಿ ಪ್ರಬಂಧವಾಗಿ ಪ್ರಕಟಿಸಿದ. ಆತನ ಉಪಕರಣ ಉಣ್ಣೆಯ ಸಣ್ಣ ಉಂಡೆಗಳು ಮತ್ತು ಒಂದು ತಕ್ಕಡಿ. ರಾತ್ರಿ ಬಯಲಿನಲ್ಲಿ ಉಣ್ಣೆಯನ್ನಿಟ್ಟು, ಬೆಳಿಗ್ಗೆ ತೂಗಿ, ಎಷ್ಟು ನೀರು ಕುಡಿದಿದೆ ಎಂದು ನೋಡುತ್ತಿದ್ದ. ಬಾಯಿ ತೆರೆದ ಮಣ್ಣಿನ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ ಅದರೊಳಗೆ ಉಣ್ಣೆಯನ್ನಿಟ್ಟಾಗ, ಬಯಲಿನ ಉಣ್ಣೆಗಿಂತ ಬಹಳ ಕಡಿಮೆ ನೀರು ಬಂದಿತು. ಇಬ್ಬನಿ ಮಳೆಯಂತೆ ಬೀಳುವುದಾಗಿದ್ದರೆ ಕೊಳವೆಯ ಒಳಗೂ ಅಷ್ಟೇ ಬೀಳಬೇಕಾಗಿತ್ತು. ಆಕಾಶ ವಿಶಾಲವಾಗಿ ಕಾಣುವ ವಸ್ತುವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತಲೂ ತಣ್ಣಗಾಗುತ್ತದೆ. ಆ ತಣ್ಣನೆಯ ಮೈಗೆ ತಾಗಿದ ಆವಿ ಹನಿಯಾಗುತ್ತದೆ ಎಂಬುದು ಆತನ ತೀರ್ಮಾನ.

ನಮ್ಮ ಹಿರಿಯರು ಕಂಡುಕೊಂಡ ಸಂಗತಿಗಳಿಗೆಲ್ಲ ಇದರಲ್ಲಿ ಉತ್ತರವಿದೆ. ಮರದಡಿಯಲ್ಲಿ ಕಟ್ಟಿದ ದನದ ಬೆನ್ನು ಒಣಗಿರುತ್ತದೆ, ಬಯಲಿನಲ್ಲಿ ಮಲಗಿದ ದನದ ಬೆನ್ನು ಒದ್ದೆಯಾಗುತ್ತದೆ. ಮರವು ಆಕಾಶವನ್ನು ಮರೆಮಾಡಿ ಶಾಖವನ್ನು ಉಳಿಸುತ್ತದೆ. ಮೋಡ ಕವಿದ ರಾತ್ರಿ ಇಬ್ಬನಿ ಕಡಿಮೆ, ಏಕೆಂದರೆ ಮೋಡವೂ ಒಂದು ಹೊದಿಕೆ. ಗಾಳಿ ಜೋರಾಗಿ ಬೀಸುವ ರಾತ್ರಿಯೂ ಕಡಿಮೆ, ಏಕೆಂದರೆ ಬೆಚ್ಚನೆಯ ಗಾಳಿ ಎಲೆಯನ್ನು ತಣ್ಣಗಾಗಲು ಬಿಡುವುದಿಲ್ಲ.

ಲೆಕ್ಕ ಮಾಡುವ ಬಗೆ

ಮೂರು ದಾರಿಗಳಿವೆ. ಮೊದಲನೆಯದು ಪಟ್ಟಿಯ ದಾರಿ. ಡಿಸೆಂಬರಿನ ಒಂದು ಸಂಜೆ ಆರು ಗಂಟೆಗೆ ಉಷ್ಣತೆ 24 ಡಿಗ್ರಿ, ಆರ್ದ್ರತೆ ಶೇ. 50 ಎಂದಿಟ್ಟುಕೊಳ್ಳಿ. ಪಟ್ಟಿಯಲ್ಲಿ 24ಕ್ಕೆ 29.8 ಇದೆ. ಅದರ ಶೇ. 50 ಎಂದರೆ 14.9. ಈಗ 14.9 ಎಂಬ ಅಂಕಿ ಪಟ್ಟಿಯಲ್ಲಿ ಎಲ್ಲಿ ಬರುತ್ತದೆಂದು ನೋಡಿ. 12 ಡಿಗ್ರಿಗೆ 14.0, 14 ಡಿಗ್ರಿಗೆ 16.0. ನಡುವೆ ಸರಿಸುಮಾರು 13. ಆ ಸಂಜೆಯ ಇಬ್ಬನಿ ಬಿಂದು 13 ಡಿಗ್ರಿ.

ಎರಡನೆಯದು ಬಾಯಿಲೆಕ್ಕದ ದಾರಿ. ಆರ್ದ್ರತೆಯನ್ನು 100ರಿಂದ ಕಳೆಯಿರಿ. ಬಂದುದನ್ನು 5ರಿಂದ ಭಾಗಿಸಿ. ಅದನ್ನು ಉಷ್ಣತೆಯಿಂದ ಕಳೆಯಿರಿ. ಉಷ್ಣತೆ 20, ಆರ್ದ್ರತೆ 80 ಆದರೆ 100ರಲ್ಲಿ 80 ಹೋದರೆ 20. ಐದರಿಂದ ಭಾಗಿಸಿದರೆ 4. 20ರಲ್ಲಿ 4 ಹೋದರೆ 16. ಪಟ್ಟಿಯ ಉತ್ತರ 16.4. ಹೊಲದ ಬದುವಿನ ಮೇಲೆ ನಿಂತು ಮಾಡುವ ಲೆಕ್ಕಕ್ಕೆ ಇಷ್ಟು ಸಾಕು. ಆದರೆ ಒಂದು ಎಚ್ಚರಿಕೆ ಬೇಕು. ಆರ್ದ್ರತೆ ಶೇ. 50ಕ್ಕಿಂತ ಕಡಿಮೆಯಾದಾಗ ಈ ಬಾಯಿಲೆಕ್ಕ ದಾರಿ ತಪ್ಪಿಸುತ್ತದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ, ಶೇ. 25 ಇದ್ದರೆ ಬಾಯಿಲೆಕ್ಕ 20 ಡಿಗ್ರಿ ಎನ್ನುತ್ತದೆ. ಪಟ್ಟಿಯ ಪ್ರಕಾರ ಅದು 12 ಮಾತ್ರ.

ಮೂರನೆಯದು ಸೂತ್ರದ ದಾರಿ, ಕಾಲೇಜು ವಿದ್ಯಾರ್ಥಿಗಳಿಗೆ. ಉಷ್ಣತೆಯನ್ನು ಉ ಎಂದೂ ಆರ್ದ್ರತೆಯನ್ನು ಆ ಎಂದೂ ಕರೆಯೋಣ. ಮೊದಲು ಗ ಎಂಬ ಸಂಖ್ಯೆಯನ್ನು ಕಂಡುಹಿಡಿಯಬೇಕು.

ಗ = (ಆ ÷ 100)ರ ಸ್ವಾಭಾವಿಕ ಲಾಗರಿತಮ್ + 17.62 × ಉ ÷ (243.12 + ಉ)

ಇಬ್ಬನಿ ಬಿಂದು = 243.12 × ಗ ÷ (17.62 − ಗ)

ನಮ್ಮ ಡಿಸೆಂಬರ್ ಸಂಜೆಗೆ ಇದನ್ನು ಅನ್ವಯಿಸೋಣ. 0.50ರ ಲಾಗರಿತಮ್ −0.693. ಎರಡನೆಯ ಭಾಗ 1.583. ಕೂಡಿದರೆ ಗ = 0.890. ಉತ್ತರ 12.9 ಡಿಗ್ರಿ. ಪಟ್ಟಿಯ ಉತ್ತರಕ್ಕೂ ಇದಕ್ಕೂ ವ್ಯತ್ಯಾಸ ಗಣನೆಗೆ ಬಾರದಷ್ಟು. ಇದು ಮ್ಯಾಗ್ನಸ್ ಸೂತ್ರ ಎಂದು ಹೆಸರಾಗಿದೆ.

ಆರ್ದ್ರತೆ ಅಳೆಯುವ ಯಂತ್ರವಿಲ್ಲ ಎಂದು ಕೈಚೆಲ್ಲಬೇಕಾಗಿಲ್ಲ. ಒಂದೇ ಬಗೆಯ ಎರಡು ಉಷ್ಣತಾಮಾಪಕಗಳು ಸಾಕು. ಒಂದರ ಬುರುಡೆಗೆ ತೆಳುವಾದ ಹತ್ತಿಬಟ್ಟೆ ಸುತ್ತಿ ಒದ್ದೆ ಮಾಡಿ, ಎರಡನ್ನೂ ನೆರಳಿನಲ್ಲಿ ತೂಗುಹಾಕಿ, ಬೀಸಣಿಗೆಯಿಂದ ಕೆಲವು ನಿಮಿಷ ಗಾಳಿ ಹಾಕಿ. ಒಣ ಮಾಪಕ 24, ಒದ್ದೆ ಮಾಪಕ 17 ತೋರಿಸಿತೆನ್ನಿ. 17 ಡಿಗ್ರಿಯ ಸಂತೃಪ್ತ ಒತ್ತಡ 19.4. ಎರಡರ ವ್ಯತ್ಯಾಸ 7, ಅದನ್ನು 0.6ರಿಂದ ಗುಣಿಸಿದರೆ 4.2. ಕಳೆದರೆ 15.2. ಪಟ್ಟಿಯಲ್ಲಿ ನೋಡಿದರೆ ಇಬ್ಬನಿ ಬಿಂದು ಸುಮಾರು 13. ಸಮುದ್ರಮಟ್ಟದಲ್ಲಿ 0.6ರ ಬದಲು 0.66 ಹಿಡಿಯಬೇಕು, ನಮ್ಮ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ 0.6 ಸರಿಹೊಂದುತ್ತದೆ.

ಇದೂ ಬೇಡವೆಂದರೆ ಒಂದು ಹೊಳೆಯುವ ಸ್ಟೀಲ್ ಲೋಟದಲ್ಲಿ ನೀರು ತೆಗೆದುಕೊಂಡು, ಸ್ವಲ್ಪ ಸ್ವಲ್ಪವೇ ಮಂಜುಗಡ್ಡೆ ಹಾಕಿ ಕಲಕುತ್ತಾ, ಒಳಗೆ ಉಷ್ಣತಾಮಾಪಕ ಇಟ್ಟು ನೋಡುತ್ತಿರಿ. ಲೋಟದ ಹೊರಮೈ ಮೊದಲ ಬಾರಿಗೆ ಮಸುಕಾದ ಕ್ಷಣದಲ್ಲಿ ನೀರಿನ ಉಷ್ಣತೆ ಎಷ್ಟಿದೆಯೋ ಅದೇ ಇಬ್ಬನಿ ಬಿಂದು. ಸೂತ್ರವಿಲ್ಲ, ಪಟ್ಟಿಯಿಲ್ಲ. ಪ್ರೌಢಶಾಲೆಯ ಮಕ್ಕಳು ಈ ಪ್ರಯೋಗವನ್ನೂ ಮೇಲಿನ ಲೆಕ್ಕವನ್ನೂ ಒಂದೇ ಹೊತ್ತಿನಲ್ಲಿ ಮಾಡಿ ಹೋಲಿಸಬೇಕು. ಉಸಿರು ಲೋಟಕ್ಕೆ ತಾಗದಂತೆ ನೋಡಿಕೊಂಡರೆ ಸಾಕು.

ಹೊಲದಲ್ಲಿ ಇದರ ಉಪಯೋಗ

ಈ ಲೆಕ್ಕದಿಂದ ರೈತನಿಗೇನು ಪ್ರಯೋಜನ ಎಂಬ ಪ್ರಶ್ನೆ ಸಹಜವಾದುದು. ಆರ್ದ್ರತೆ ದಿನವಿಡೀ ಏರಿಳಿಯುತ್ತದೆ. ಗಾಳಿ ಬದಲಾಗದಿದ್ದರೆ ಇಬ್ಬನಿ ಬಿಂದು ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಸಂಜೆ ಮಾಡಿದ ಲೆಕ್ಕ ರಾತ್ರಿಯ ಸಂಗತಿಯನ್ನು ಮುಂಚಿತವಾಗಿ ಹೇಳಬಲ್ಲದು. ನಿರಭ್ರ ರಾತ್ರಿಯಲ್ಲಿ ಎಲೆಯು ಗಾಳಿಗಿಂತ ಎರಡು ಮೂರು ಡಿಗ್ರಿ ತಣ್ಣಗಿರುತ್ತದೆ. ಸಂಜೆಯ ಇಬ್ಬನಿ ಬಿಂದು 13, ನಿನ್ನೆ ಬೆಳಗಿನ ಕನಿಷ್ಠ ಉಷ್ಣತೆ 15, ಆಕಾಶ ಶುಭ್ರ, ಗಾಳಿ ಇಲ್ಲ ಎಂದಾದರೆ ಇಂದು ಇಬ್ಬನಿ ಖಚಿತವೆಂದೇ ತಿಳಿಯಬಹುದು. ಕನಿಷ್ಠ ಉಷ್ಣತೆ 18 ಆಗಿದ್ದರೆ ಎಲೆ ಒಣಗಿಯೇ ಇರುತ್ತದೆ.

ಇಬ್ಬನಿಗೆ ಎರಡು ಮುಖಗಳಿವೆ. ಒಂದು ಮುಖ ಹಿತವಾದುದು. ಇಬ್ಬನಿ ಕುಡಿದಷ್ಟೂ ಅವರೆಗೆ ಸೊಗಡು ಎಂಬ ಮಾತು ನಮ್ಮಲ್ಲಿದೆ. ಎರೆಭೂಮಿಯಲ್ಲಿ ಕಡಲೆ ಬೆಳೆಯುವವರು ಚಳಿಗಾಲದ ಬೆಳಗಿನ ಜಾವ ಗಿಡಗಳ ಮೇಲೆ ಬಟ್ಟೆ ಎಳೆದು, ಎಲೆಯ ಹುಳಿ ಬೆರೆತ ಇಬ್ಬನಿಯನ್ನು ಹಿಂಡಿ ಮನೆಮದ್ದಿಗೆ ಇಟ್ಟುಕೊಳ್ಳುವ ರೂಢಿಯೂ ಇದೆ. ಇಬ್ಬನಿ ಆರುವವರೆಗೆ ಬಿಸಿಲು ಎಲೆಯ ಸ್ವಂತ ನೀರಿಗೆ ಕೈಹಾಕುವುದಿಲ್ಲ. ಅಷ್ಟು ಹೊತ್ತು ಗಿಡಕ್ಕೆ ಉಳಿತಾಯ.

ಇನ್ನೊಂದು ಮುಖ ರೋಗದ್ದು. ಈರುಳ್ಳಿಯ ನೇರಳೆ ಮಚ್ಚೆ, ಶೇಂಗಾದ ಎಲೆಚುಕ್ಕೆ, ಆಲೂಗಡ್ಡೆಯ ಅಂಗಮಾರಿ ಇವೆಲ್ಲವೂ ಎಲೆಯ ಮೇಲೆ ನೀರು ಹಲವು ಗಂಟೆ ನಿಂತಾಗ ಮೊಳೆಯುವ ಶಿಲೀಂಧ್ರಗಳಿಂದ ಅಥವಾ ಅಂಥ ಸೂಕ್ಷ್ಮಜೀವಿಗಳಿಂದ ಬರುವ ರೋಗಗಳು. ಮಳೆ ಬಾರದಿದ್ದರೂ ಇಬ್ಬನಿಯೇ ಆ ನೀರನ್ನು ಒದಗಿಸಬಲ್ಲದು. ಆಲೂಗಡ್ಡೆಯ ಅಂಗಮಾರಿಗೆ ಇಂಗ್ಲೆಂಡಿನಲ್ಲಿ ಬೋಮಾಂಟ್ ಎಂಬಾತ 1947ರಲ್ಲಿ ಒಂದು ನಿಯಮವನ್ನೇ ಮಾಡಿದ: ಎರಡು ದಿನ ನಿರಂತರವಾಗಿ ಉಷ್ಣತೆ 10 ಡಿಗ್ರಿಗಿಂತ ಇಳಿಯದೆ, ಆರ್ದ್ರತೆ ಶೇ. 75ಕ್ಕಿಂತ ಇಳಿಯದೆ ಇದ್ದರೆ ರೋಗವನ್ನು ನಿರೀಕ್ಷಿಸಬೇಕು. ಆ ನಿಯಮ ಆ ದೇಶದ್ದು. ನಮಗೆ ಬೇಕಾದುದು ಅದರ ಹಿಂದಿನ ವಿವೇಕ. ಹವೆಯನ್ನು ಅಳೆದು ಔಷಧಿ ಸಿಂಪಡಿಸಬೇಕೇ ಹೊರತು ದಿನದರ್ಶಿಕೆ ನೋಡಿ ಅಲ್ಲ. ಎಂಟು ದಿನಕ್ಕೊಮ್ಮೆ ಸಿಂಪಡಿಸಬೇಕೆಂದು ಯಾರೋ ಹೇಳಿದ ಮಾತಿಗೆ ಕಟ್ಟುಬಿದ್ದು ಒಣ ರಾತ್ರಿಗಳ ವಾರದಲ್ಲಿಯೂ ವಿಷ ಸುರಿಯುವುದರಿಂದ ಹಣವೂ ಹೋಗುತ್ತದೆ, ಸಿಂಪಡಿಸುವವನ ಆರೋಗ್ಯವೂ ಹೋಗುತ್ತದೆ, ಕೊನೆಗೆ ಆ ವಿಷ ಕೆರೆ ಸೇರುತ್ತದೆ. ಸಾಲಾಗಿ ಮೂರು ನಾಲ್ಕು ರಾತ್ರಿ ದೀರ್ಘ ಇಬ್ಬನಿ ಕಂಡರೆ ಕೆಳಗಿನ ಎಲೆಗಳನ್ನು ತಿರುಗಿಸಿ ನೋಡಿ. ಮಚ್ಚೆ ಕಂಡರೆ ಮಾತ್ರ ಮುಂದಿನ ಕ್ರಮ. ಒದ್ದೆ ಎಲೆಯ ಮೇಲೆ ಸಿಂಪಡಿಸಿದರೆ ಔಷಧಿ ಹರಿದುಹೋಗುತ್ತದೆ. ಇಬ್ಬನಿ ಆರುವ ಮುನ್ನ ರೋಗ ಬಿದ್ದ ಸಾಲುಗಳಲ್ಲಿ ಓಡಾಡಿದರೆ ರೋಗವನ್ನು ನಮ್ಮ ಬಟ್ಟೆಯೇ ಹೊತ್ತು ಹರಡುತ್ತದೆ.

ದಾಸ್ತಾನಿಗೂ ಇದೇ ಲೆಕ್ಕ ಸಲ್ಲುತ್ತದೆ. ಮಳೆಗಾಲದ ಕೊನೆಯಲ್ಲಿ ಕಿತ್ತ ಈರುಳ್ಳಿ ರಾತ್ರಿಯ ತಂಪಿಗೆ 18 ಡಿಗ್ರಿಗೆ ಇಳಿದಿರುತ್ತದೆ ಎನ್ನಿ. ಹತ್ತು ಗಂಟೆಗೆ ಹೊರಗಿನ ಗಾಳಿ 24 ಡಿಗ್ರಿ, ಆರ್ದ್ರತೆ ಶೇ. 80. ಬಾಯಿಲೆಕ್ಕದಿಂದ ಇಬ್ಬನಿ ಬಿಂದು 20. ಆ ಹೊತ್ತಿನಲ್ಲಿ ಶೆಡ್ಡಿನ ಬಾಗಿಲು ತೆರೆದರೆ ಗೆಡ್ಡೆ ಒಣಗುವ ಬದಲು ಬೆವರುತ್ತದೆ. ಹೊರಗಾಳಿಯ ಇಬ್ಬನಿ ಬಿಂದುವು ರಾಶಿಯ ಉಷ್ಣತೆಗಿಂತ ಕಡಿಮೆ ಇರುವಾಗ ಮಾತ್ರ ಗಾಳಿ ಬಿಡಬೇಕು. ಅಡಿಕೆಯನ್ನು ಅಂಗಳದಲ್ಲಿ ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿ ಬಿಡುವವರೂ ಗಮನಿಸಬೇಕು. ಹಾಳೆ ಆಕಾಶಕ್ಕೆ ಶಾಖ ಬಿಟ್ಟು ತಣ್ಣಗಾಗುತ್ತದೆ. ಅರೆ ಒಣಗಿದ ಅಡಿಕೆಯ ಆವಿ ಅದರ ಒಳಮೈಯಲ್ಲಿ ಹನಿಯಾಗಿ ಮತ್ತೆ ಅಡಿಕೆಯ ಮೇಲೆಯೇ ಸುರಿಯುತ್ತದೆ.

ಬೆಟ್ಟ, ಮಂಜು ಮತ್ತು ಕೆರೆ

ಪಡುವಣ ದಿಕ್ಕಿನ ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಮಂಜು ಎಷ್ಟು ಎತ್ತರದಲ್ಲಿ ಕುಳಿತಿದೆ ಎಂಬುದನ್ನೂ ತಪ್ಪಲಿನಲ್ಲಿ ನಿಂತೇ ಹೇಳಬಹುದು. ಮೇಲೇರುವ ಗಾಳಿಯ ಉಷ್ಣತೆ ಮತ್ತು ಇಬ್ಬನಿ ಬಿಂದುಗಳ ನಡುವಿನ ಪ್ರತಿ ಒಂದು ಡಿಗ್ರಿ ಅಂತರಕ್ಕೆ ಸುಮಾರು 125 ಮೀಟರ್ ಏರಿದಾಗ ಮೋಡದ ಬುಡ ಸಿಗುತ್ತದೆ. ತಪ್ಪಲಿನಲ್ಲಿ ಉಷ್ಣತೆ 24, ಇಬ್ಬನಿ ಬಿಂದು 20 ಆದರೆ ಅಂತರ 4. ಮೋಡದ ಬುಡ 500 ಮೀಟರ್ ಮೇಲೆ. ತಪ್ಪಲು ಸಮುದ್ರಮಟ್ಟದಿಂದ 750 ಮೀಟರ್ ಎತ್ತರದಲ್ಲಿದ್ದರೆ 1,250 ಮೀಟರಿನಿಂದ ಮೇಲೆಲ್ಲ ಮಂಜು. ಸುಮಾರು 1,400 ಮೀಟರಿನ ಕೆಮ್ಮಣ್ಣುಗುಂಡಿಯೂ 1,930 ಮೀಟರಿನ ಮುಳ್ಳಯ್ಯನಗಿರಿಯೂ ಅದರೊಳಗೆ. ಆ ಮಂಜಿನಲ್ಲಿ ನಿಂತ ಶೋಲಾ ಕಾಡಿನ ಎಲೆ, ಪಾಚಿ, ರೆಂಬೆಗಳು ಹನಿಗಳನ್ನು ಸೋಸಿ ನೆಲಕ್ಕಿಳಿಸುತ್ತವೆ. ಬೋಳುಗುಡ್ಡದ ಮೇಲೆ ಅದೇ ಮಂಜು ಹೆಚ್ಚಿನ ನೀರನ್ನು ಬಿಡದೆ ತೇಲಿಹೋಗುತ್ತದೆ. ಈ ಶ್ರೇಣಿಯ ಮೂಡಣ ಇಳಿಜಾರಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕೂಡಿ ವೇದಾವತಿಯಾಗಿ ಕಡೂರಿನ ಮೂಲಕ ಬಯಲುಸೀಮೆಗೆ ಹರಿಯುತ್ತವೆ. ಬೆಟ್ಟದ ಮೇಲೆ ಕಡಿದ ಮರದ ಲೆಕ್ಕ ಬಯಲಿನ ಬಾವಿಯಲ್ಲಿ ತೀರುತ್ತದೆ.

ಹಾಗಾದರೆ ಇಬ್ಬನಿಯನ್ನೇ ಹಿಡಿದು ಕುಡಿಯಬಾರದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಗುಜರಾತಿನ ಕಚ್ಛ್ ಕರಾವಳಿಯಲ್ಲಿ ಅಹಮದಾಬಾದಿನ ಪ್ರಾಧ್ಯಾಪಕ ಗಿರ್ಜಾ ಶರಣ್ ಅವರು ಅಂತಹ ಘಟಕಗಳನ್ನು ನಿರ್ಮಿಸಿ ತೋರಿಸಿದ್ದಾರೆ. ಕುಡಿಯುವ ನೀರಿಗೆ ಅದು ಅಲ್ಪಸ್ವಲ್ಪ ನೆರವಾಗಬಹುದು. ಬೇಸಾಯದ ಲೆಕ್ಕ ಬೇರೆ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಒಳ್ಳೆಯ ರಾತ್ರಿಯಲ್ಲಿ 0.2 ಮಿಲಿಮೀಟರ್ ಇಬ್ಬನಿ ಬಂದರೆ ಎಕರೆಗೆ ಸುಮಾರು 800 ಲೀಟರ್. ದಿನಕ್ಕೆ 4 ಮಿಲಿಮೀಟರ್ ಬೇಡುವ ಬೆಳೆಗೆ ಬೇಕಾದುದು 16,000 ಲೀಟರ್. ಇಪ್ಪತ್ತರಲ್ಲಿ ಒಂದು ಪಾಲು. ಇಬ್ಬನಿಯನ್ನು ನಂಬಿ ಕೆರೆಯನ್ನು ಕೈಬಿಡುವಂತಿಲ್ಲ.

ಕೆರೆಯ ವಿಷಯದಲ್ಲಿ ಈ ಪಟ್ಟಿ ಇನ್ನೂ ಕಠಿಣವಾದ ಸತ್ಯವನ್ನು ಹೇಳುತ್ತದೆ. ಕಣಜದಲ್ಲಿ ಖಾಲಿ ಉಳಿದ ಜಾಗವೇ ಗಾಳಿಯ ಬಾಯಾರಿಕೆ. ನಮ್ಮ ಡಿಸೆಂಬರ್ ಸಂಜೆಯಲ್ಲಿ ಅದು 29.8ರಲ್ಲಿ 14.9 ಕಳೆದರೆ ಸುಮಾರು 15. ಏಪ್ರಿಲ್ ಮಧ್ಯಾಹ್ನದಲ್ಲಿ 56.2ರಲ್ಲಿ 14 ಕಳೆದರೆ 42. ಎರಡೂ ಹೊತ್ತಿನಲ್ಲಿ ಗಾಳಿಯ ಇಬ್ಬನಿ ಬಿಂದು ಹೆಚ್ಚುಕಡಿಮೆ ಒಂದೇ. ಬಾಯಾರಿಕೆ ಮಾತ್ರ ಮೂರು ಪಟ್ಟಿಗೆ ಹತ್ತಿರ. ಉಷ್ಣತೆ ಇನ್ನೊಂದೆರಡು ಡಿಗ್ರಿ ಏರಿದರೆ ಇದು ಇನ್ನಷ್ಟು ಹೆಚ್ಚುತ್ತದೆ. ಈ ಬಾಯಾರಿಕೆ ಕೆರೆಯ ಮೇಲ್ಮೈಯಿಂದ ಕುಡಿಯುತ್ತದೆ. ಹೂಳು ತುಂಬಿ ತೆಳುವಾಗಿ ಹರಡಿಕೊಂಡ ಕೆರೆಯು ಅಷ್ಟೇ ನೀರನ್ನು ಆಳದಲ್ಲಿ ಇಟ್ಟುಕೊಂಡ ಕೆರೆಗಿಂತ ಬೇಗ ಬತ್ತುತ್ತದೆ. ಹೂಳೆತ್ತುವುದು, ಗಾಳಿ ಬೀಸುವ ದಿಕ್ಕಿನಲ್ಲಿ ಮರಗಳ ಸಾಲು ಉಳಿಸಿಕೊಳ್ಳುವುದು, ಕೆರೆಯಂಗಳದ ಒತ್ತುವರಿಯನ್ನು ತಡೆಯುವುದು ಇವೆಲ್ಲ ಈ ಲೆಕ್ಕದಿಂದಲೇ ಬರುವ ಕರ್ತವ್ಯಗಳು.

ಕೊನೆಯದಾಗಿ ಒಂದು ಕೋರಿಕೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮಟ್ಟದಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರಗಳನ್ನು ಸ್ಥಾಪಿಸಿದೆ. ಅಲ್ಲಿಯ ಉಷ್ಣತೆ ಮತ್ತು ಆರ್ದ್ರತೆಯನ್ನು ಪಡೆದುಕೊಳ್ಳಿ. ಜೊತೆಗೆ ಶಾಲೆಯಲ್ಲಿ ಒಣ–ಒದ್ದೆ ಮಾಪಕಗಳ ಒಂದು ಜೋಡಿಯನ್ನು ನೆರಳಿನಲ್ಲಿ ಕಟ್ಟಿ. ಒಂದು ನೋಟ್‌ಪುಸ್ತಕದಲ್ಲಿ ಐದು ಕಾಲಂ ಎಳೆಯಿರಿ: ದಿನಾಂಕ, ಸಂಜೆ ಆರರ ಉಷ್ಣತೆ, ಇಬ್ಬನಿ ಬಿಂದು, ಮರುದಿನದ ಕನಿಷ್ಠ ಉಷ್ಣತೆ, ಎಲೆ ಎಷ್ಟು ಗಂಟೆಗೆ ಆರಿತು ಎಂಬುದು. ಸಂಜೆಯ ಅಂಕಿಯನ್ನು ಹಾಲಿನ ಡೈರಿಯ ಹಲಗೆಯ ಮೇಲೆ ಬರೆದಿಟ್ಟರೆ ಹಾಲು ಹಾಕಲು ಬಂದವರೆಲ್ಲ ಓದುತ್ತಾರೆ. ಎರಡು ಚಳಿಗಾಲ ಇದನ್ನು ನಡೆಸಿದರೆ ಯಾವ ವಿಶ್ವವಿದ್ಯಾಲಯದಲ್ಲಿಯೂ ಇಲ್ಲದ ದಾಖಲೆ, ಬುಕ್ಕಾಂಬುಧಿಯ ಹೊಲಗಳದೇ ಆದ ದಾಖಲೆ, ನಿಮ್ಮ ಕೈಯಲ್ಲಿರುತ್ತದೆ. ಈರುಳ್ಳಿಗೆ ಯಾವ ವಾರ ಔಷಧಿ ಬೇಕು, ಯಾವ ವಾರ ಬೇಡ ಎಂಬುದನ್ನು ಅಂಗಡಿಯವರು ಹೇಳುವ ಮೊದಲೇ ನಿಮ್ಮ ಮಕ್ಕಳು ಹೇಳಬಲ್ಲರು.